ಆರುನೂರು ಡಾಲರಿಗೆ ಹತ್ತು ಎಕರೆ

ಹತ್ತು ಎಕರೆ ಜಮೀನು. ಅದರಲ್ಲೊಂದು ಪುಟ್ಟ ಮನೆ, ಗಾಳಿಯಂತ್ರ, ಕೋಳಿಗೂಡು. ಚೆರ್ರಿ, ಸೇಬು, ಪೀಚ್, ಏಪ್ರಿಕಾಟ್ ಮರಗಳ ತೋಟ. ಬೆಲೆ 600 ಡಾಲರ್. ಮಾರುವವರು ವಯಸ್ಸಾದ ಗಂಡ ಹೆಂಡತಿ. ಅವರ ಕೈ ಬರಿದಾಗಿದೆ, ಹೆಂಡತಿಗೆ ಆಪರೇಷನ್ ಆಗಬೇಕು. ಕೊಳ್ಳಹೊರಟವರು ಮೂವರು ಕೂಲಿಯಾಳುಗಳು. ಮುದುಕ ಕ್ಯಾಂಡಿಯ ಲೆಕ್ಕದಲ್ಲಿ 350 ಇದೆ: ಕೆಲಸದಲ್ಲಿ ಕೈ ಕಳೆದುಕೊಂಡಾಗ ಕೊಟ್ಟ ಪರಿಹಾರ 250, ಬ್ಯಾಂಕಿನಲ್ಲಿಟ್ಟದ್ದು 50, ತಿಂಗಳ ಕೊನೆಗೆ ಬರಬೇಕಾದದ್ದು 50. ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಬಿಡಿಗಾಸೂ ಖರ್ಚು ಮಾಡದೆ ದುಡಿದರೆ ಇಬ್ಬರದೂ ಸೇರಿ 100. ಒಟ್ಟು 450. ಅಷ್ಟನ್ನು ಕೊಟ್ಟು ಜಮೀನು ಹಿಡಿದು, ಒಬ್ಬ ಹೊರಗೆ ದುಡಿದು ಉಳಿದ 150 ತೀರಿಸಿದರಾಯಿತು.

ಲೆಕ್ಕ ಮುಗಿದಾಗ ಮೂವರೂ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಲ್ಲಿಯವರೆಗೆ ಅದು ಲೆನ್ನಿ ಕೇಳಿದಾಗಲೆಲ್ಲ ಜಾರ್ಜ್ ಬಾಯಿಪಾಠದಂತೆ ಒಪ್ಪಿಸುತ್ತಿದ್ದ ಕತೆ. ಈಗ ಅದಕ್ಕೊಂದು ಕ್ರಯ, ಒಂದು ಗಡುವು ಬಂದುಬಿಟ್ಟಿದೆ.

ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ‘ಆಫ್ ಮೈಸ್ ಅಂಡ್ ಮೆನ್’ ಎಂಬ ಕಿರುಕಾದಂಬರಿಯ ನಟ್ಟನಡುವೆ ಬರುವ ಲೆಕ್ಕ ಇದು. ಅಮೆರಿಕದ ಮತ್ತು ಬ್ರಿಟನ್ನಿನ ಹೈಸ್ಕೂಲುಗಳಲ್ಲಿ ತಲೆಮಾರುಗಳಿಂದ ಓದಿಸಿಕೊಂಡು ಬಂದಿರುವ ಪುಸ್ತಕ. ಪರೀಕ್ಷೆಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಒಂಟಿತನ, ಗೆಳೆತನ, ಅಮೆರಿಕನ್ ಕನಸು, ವಿಧಿ. ಇವೆಲ್ಲ ಪುಸ್ತಕದಲ್ಲಿ ಇರುವುದು ನಿಜ. ಆದರೆ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು, ಕೂಲಿ ಎಷ್ಟು, ಬೆಲೆ ಎಷ್ಟು, ಯಾರ ಹತ್ತಿರ ಏನಿತ್ತು, ಯಾವ ಕಾನೂನು ಯಾರನ್ನು ಹೊರಗಿಟ್ಟಿತ್ತು ಎಂದು ಬರೆದುಕೊಳ್ಳುತ್ತ ಓದಿದವರಿಗೆ ಮಾತ್ರ ಇದು ಪೂರ್ತಿ ದಕ್ಕುತ್ತದೆ ಎಂದು ನಾನು ನಂಬಿದ್ದೇನೆ. ಹಾಗೆ ಓದದಿದ್ದರೆ ಲೆನ್ನಿಯ ಸಾವಿಗೆ ಕಣ್ಣೀರು ಬರುತ್ತದೆ, ಪುಸ್ತಕ ಮುಚ್ಚುತ್ತೇವೆ, ಅಷ್ಟೇ.

ಕತೆ ಚಿಕ್ಕದು. ಜಾರ್ಜ್ ಚುರುಕು ಬುದ್ಧಿಯ ಸಣಕಲ. ಲೆನ್ನಿ ಆನೆಯಂಥ ಆಳು, ಮನಸ್ಸು ಮಗುವಿನದು; ಮೆತ್ತಗಿನದೇನು ಕಂಡರೂ ಸವರಬೇಕು ಅವನಿಗೆ, ಸವರಿದ್ದು ಸಾಯುತ್ತದೆ. ಹಿಂದಿನ ಊರಿನಲ್ಲಿ ಒಬ್ಬ ಹುಡುಗಿಯ ಲಂಗ ಹಿಡಿದು ಬಿಡದೆ ಹೋದದ್ದರಿಂದ ರಾತ್ರೋರಾತ್ರಿ ಓಡಿಬಂದ ಇವರಿಬ್ಬರು ಕ್ಯಾಲಿಫೋರ್ನಿಯಾದ ಸೋಲೆಡಾಡ್ ಊರಿನ ಹತ್ತಿರದ ರ‍್ಯಾಂಚೊಂದರಲ್ಲಿ ಬಾರ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರುತ್ತಾರೆ. ಗುರುವಾರ ಸಂಜೆ ನದಿ ದಂಡೆಯಲ್ಲಿ ತೊಡಗಿದ ಕತೆ ಭಾನುವಾರ ಸಂಜೆ ಅದೇ ದಂಡೆಯಲ್ಲಿ ಮುಗಿಯುತ್ತದೆ. ನಡುವೆ ಧಣಿಯ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಸಾಯುತ್ತಾಳೆ. ಬಂದೂಕು ಹಿಡಿದವರು ಬರುವ ಮೊದಲೇ ಜಾರ್ಜ್ ತಾನೇ ಗೆಳೆಯನನ್ನು ಗುಂಡಿಟ್ಟು ಕೊಲ್ಲುತ್ತಾನೆ.

ಸ್ಟೈನ್‌ಬೆಕ್ ಹುಟ್ಟಿದ್ದು 1902ರಲ್ಲಿ, ಸಲಿನಾಸ್ ಪಟ್ಟಣದಲ್ಲಿ. ಸೋಲೆಡಾಡ್ ಅದೇ ಕಣಿವೆಯ ಊರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿ, ಬಿಟ್ಟು, ಮತ್ತೆ ಸೇರಿ, ಕೊನೆಗೆ ಪದವಿಯಿಲ್ಲದೆ ಹೊರಬಂದ ಆ ವರ್ಷಗಳಲ್ಲಿ ಅವರು ಸ್ಪ್ರೆಕಲ್ಸ್ ಸಕ್ಕರೆ ಕಂಪನಿಯ ಜಮೀನುಗಳಲ್ಲಿ ಕೆಲಸ ಮಾಡಿದರು. ಕಂಬಳಿ ಸುರುಳಿ ಹೊತ್ತು ಊರೂರು ಅಲೆಯುವ ಆಳುಗಳನ್ನು ಕಂಡದ್ದು ಅಲ್ಲಿ. 1937ರಲ್ಲಿ ನ್ಯೂಯಾರ್ಕ್ ಟೈಮ್ಸ್ ಜೊತೆ ಮಾತನಾಡುತ್ತ, ಲೆನ್ನಿಯಂಥವನೊಬ್ಬ ನಿಜವಾಗಿ ಇದ್ದ ಎಂದು ಹೇಳಿದರು. ತನ್ನ ಜೊತೆಗಾರನನ್ನು ಕೆಲಸದಿಂದ ತೆಗೆದ ಸಿಟ್ಟಿಗೆ ಆತ ಕೊಂದದ್ದು ಹೆಣ್ಣನ್ನಲ್ಲ, ಮೇಸ್ತ್ರಿಯನ್ನು, ಹುಲ್ಲು ಎತ್ತುವ ಕವೆಗೋಲಿನಿಂದ. ಕಾದಂಬರಿಗೆ ಬರುವಾಗ ಸತ್ತವರು ಬದಲಾದರು. ಧಣಿಯ ಪರವಾಗಿ ನಿಂತ ಮೇಸ್ತ್ರಿಯ ಬದಲು, ಅದೇ ಧಣಿಯ ಮನೆಯಲ್ಲಿ ಯಾರಿಗೂ ಬೇಡವಾಗಿದ್ದ ಹುಡುಗಿ ಸಾಯುತ್ತಾಳೆ. ಈ ಬದಲಾವಣೆಯ ಬಗ್ಗೆಯೇ ಒಂದು ತರಗತಿ ನಡೆಸಬಹುದು.

ತರಗತಿಗಳಲ್ಲಿ ಒಂದು ಗೊಂದಲ ಮಾಮೂಲು. ಜಾರ್ಜ್, ಲೆನ್ನಿಯರನ್ನು ಓಕ್ಲಹೋಮದಿಂದ ಧೂಳು ಬರಗಾಲಕ್ಕೆ ಒಕ್ಕಲೆದ್ದು ಬಂದ ರೈತರ ಜೊತೆ ಕಲಸಿಬಿಡುತ್ತಾರೆ. ಆ ರೈತರು ಹಳೇ ಕಾರುಗಳಲ್ಲಿ ಸಂಸಾರ ಸಮೇತ ಬಂದವರು. ಅವರ ಕತೆ 1939ರ ‘ದ ಗ್ರೇಪ್ಸ್ ಆಫ್ ರಾತ್’ನಲ್ಲಿದೆ. ಇಲ್ಲಿನವರು ಅದಕ್ಕಿಂತ ಹಳಬರು: ಧಾನ್ಯದ ಸುಗ್ಗಿಯ ಹಿಂದೆ ಅಲೆಯುವ ಒಂಟಿ ಗಂಡಸರು. ಏಜೆನ್ಸಿಯಿಂದ ಒಂದು ಕೆಲಸದ ಚೀಟಿ, ಒಂದು ಬಸ್ ಟಿಕೆಟ್ ಹಿಡಿದು ಬಂದು, ತಿಂಗಳ ಕೂಲಿ ಎಣಿಸಿಕೊಂಡು, ಪೇಟೆಯಲ್ಲಿ ಕಳೆದು, ಮುಂದಿನ ರ‍್ಯಾಂಚಿಗೆ ಹೊರಡುವವರು. ಪುಸ್ತಕ ಬರುವ ಹೊತ್ತಿಗೆ ಕೊಯ್ಲಿನ ಯಂತ್ರಗಳು ಅವರನ್ನು ಹೊಲದಿಂದ ಹೊರಗೆ ತಳ್ಳುತ್ತಿದ್ದವು.

1936 ಸ್ಟೈನ್‌ಬೆಕ್‌ಗೆ ಕಣ್ಣು ತೆರೆಸಿದ ವರ್ಷ. ಸಲಿನಾಸ್‌ನಲ್ಲಿ ಲೆಟಿಸ್ ಸೊಪ್ಪಿನ ಕಾರ್ಮಿಕರ ಮುಷ್ಕರವನ್ನು ಕ್ರೂರವಾಗಿ ಮುರಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆಗೆ ಅವರು ಬರೆದ 7 ಲೇಖನಗಳಲ್ಲಿ ಒಂದು ಕಹಿ ಸತ್ಯವಿದೆ: ಕ್ಯಾಲಿಫೋರ್ನಿಯಾದ ದೊಡ್ಡ ಜಮೀನುಗಳು ಚೀನೀಯರು, ಜಪಾನೀಯರು, ಮೆಕ್ಸಿಕನ್ನರು, ಫಿಲಿಪಿನೋಗಳು ಎಂದು ಒಂದರ ಹಿಂದೊಂದು ಜನಾಂಗವನ್ನು ಅಗ್ಗದ ಕೂಲಿಗೆ ತಂದು, ಅವರು ಹೆಚ್ಚು ಕೇಳಿದಾಗ ಓಡಿಸುತ್ತ ಬೆಳೆದವು. ಹೊಲದ ಈ ನಿಜ ಕಾದಂಬರಿಯೊಳಗೆ ಇಲ್ಲ. ಅಲ್ಲಿ ಒಬ್ಬನನ್ನು ಬಿಟ್ಟರೆ ಎಲ್ಲರೂ ಬಿಳಿಯರು. ಆದ್ದರಿಂದ ಆ 7 ಲೇಖನಗಳನ್ನು ಮೊದಲು ಓದಿಸಿ ಆಮೇಲೆ ಕಾದಂಬರಿ ಕೈಗೆ ಕೊಡುವುದು ಒಳ್ಳೆಯ ಮೇಷ್ಟ್ರ ಕೆಲಸ.

ರಚನೆಯ ಬಗ್ಗೆ ಒಂದು ಮಾತು. ಇದನ್ನು ಸ್ಟೈನ್‌ಬೆಕ್ ರಂಗಕ್ಕೆ ಹಾಗೇ ಎತ್ತಿಡುವಂತೆ ಬರೆದರು. 6 ಅಧ್ಯಾಯ, ಪ್ರತಿಯೊಂದೂ ಒಂದೇ ಜಾಗದಲ್ಲಿ ನಡೆಯುತ್ತದೆ. 1937ರ ನವೆಂಬರಿನಲ್ಲಿ ಜಾರ್ಜ್ ಎಸ್. ಕೌಫ್‌ಮನ್ ನಿರ್ದೇಶನದಲ್ಲಿ ಬ್ರಾಡ್‌ವೇ ರಂಗವೇರಿ 207 ಪ್ರದರ್ಶನ ಕಂಡಿತು. 1939ರಲ್ಲಿ ಸಿನಿಮಾ, 1992ರಲ್ಲಿ ಮತ್ತೊಂದು ಸಿನಿಮಾ. ನಾಟಕದ ಕಟ್ಟಿನ ಪರಿಣಾಮವೆಂದರೆ ಲೇಖಕ ಯಾರ ಮನಸ್ಸಿನೊಳಗೂ ಹೆಚ್ಚು ಹೊಗುವುದಿಲ್ಲ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇಷ್ಟೇ. ಹಾಗಾಗಿ ಇಲ್ಲಿ ಸಾಮಾನುಗಳು ಮಾತಾಡುತ್ತವೆ.

ಆಳುಗಳು ಮಲಗುವ ಕೊಠಡಿಯನ್ನೇ ನೋಡಿ. 8 ಮಂಚ, 5ರ ಮೇಲೆ ಕಂಬಳಿ, ಉಳಿದ 3ರಲ್ಲಿ ಬರೀ ಗೋಣಿತಟ್ಟು. ಪ್ರತಿ ಮಂಚದ ತಲೆದೆಸೆಗೆ ಗೋಡೆಗೆ ಮೊಳೆ ಹೊಡೆದ ಒಂದು ಸೇಬಿನ ಪೆಟ್ಟಿಗೆ, ಬಾಯಿ ಮುಂದಕ್ಕೆ, ನಡುವೆ ಒಂದು ಹಲಗೆ. ಒಬ್ಬನ ಇಡೀ ಆಸ್ತಿ ಆ ಎರಡು ಅಂಕಣದಲ್ಲಿ: ಸೋಪು, ಪೌಡರು, ರೇಜರು, ಔಷಧಿ, ಕೌಬಾಯ್ ಕತೆಗಳ ಪತ್ರಿಕೆ. ಜಾರ್ಜ್ ತನ್ನ ಪಾಲಿನ ಪೆಟ್ಟಿಗೆಯಲ್ಲಿ ಕೈಹಾಕಿದರೆ ಸಿಗುವುದು ಹೇನು ಜಿರಳೆ ಕೊಲ್ಲುವ ಪುಡಿಯ ಹಳದಿ ಡಬ್ಬಿ. ಹಿಂದಿನವನು ಬಿಟ್ಟುಹೋದದ್ದು. ಹಾಸಿಗೆಯಲ್ಲಿ ಹುಳವಿದೆಯೇ ಎಂದು ಜಾರ್ಜ್ ಜಗಳ ತೆಗೆಯುತ್ತಾನೆ, ಕ್ಯಾಂಡಿ ಹಿಂದಿನವನು ಬಹಳ ಚೊಕ್ಕಟದ ಮನುಷ್ಯನೆಂದು ಸಮಾಧಾನ ಹೇಳುತ್ತಾನೆ. ಕೆಲಸಕ್ಕೆ ಸೇರಿದ ಮೊದಲ ಗಳಿಗೆಯಲ್ಲೇ, ನಿನಗಿಂತ ಮುಂಚೆ ಇಲ್ಲೊಬ್ಬ ಮಲಗುತ್ತಿದ್ದ, ನಿನ್ನ ನಂತರ ಇನ್ನೊಬ್ಬ ಮಲಗುತ್ತಾನೆ ಎಂಬುದು ಆ ಡಬ್ಬಿಯೊಂದರಿಂದ ತಿಳಿಯುತ್ತದೆ.

ಅದೇ ಕೊಠಡಿಯಲ್ಲಿ ವಿಟ್ ಎಂಬ ಹುಡುಗ ಒಂದು ಹಳೇ ಪತ್ರಿಕೆ ತೆರೆದು ಓದುಗರ ಪತ್ರವೊಂದನ್ನು ತೋರಿಸುತ್ತಾನೆ. ಬರೆದವನ ಹೆಸರು ಬಿಲ್ ಟೆನ್ನರ್. ಕೆಲ ತಿಂಗಳ ಹಿಂದೆ ಇಲ್ಲೇ ಕಲ್ಟಿವೇಟರ್ ಓಡಿಸುತ್ತಿದ್ದವನು. ಪತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ತಮ್ಮಲ್ಲೊಬ್ಬನ ಹೆಸರು ಅಚ್ಚಾಗಿದೆ. ಜಾರ್ಜ್ ನೋಡಲು ಕೈ ಚಾಚಿದರೆ ವಿಟ್ ಪತ್ರಿಕೆಯ ಹಿಡಿತ ಬಿಡುವುದಿಲ್ಲ. ಆಮೇಲೆ ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುತ್ತಾನೆ. ಒಂಟಿತನದ ಬಗ್ಗೆ ಪ್ರಬಂಧ ಬರೆಯುವ ಹುಡುಗರು ಸಾಮಾನ್ಯವಾಗಿ ಈ ಪುಟ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಆಳವಾಗಿ ತಟ್ಟುವ ಪುಟ ಕಡಿಮೆ.

ಈ ಮಾತು ನಡೆದಿರುವಾಗಲೇ ಕಾರ್ಲ್‌ಸನ್ ಎಂಬ ಇನ್ನೊಬ್ಬ ಆಳು ಕ್ಯಾಂಡಿಯ ಮುದಿ ನಾಯಿಯ ಹಿಂದೆ ಬಿದ್ದಿದ್ದಾನೆ. ನಾಯಿ ನಾರುತ್ತದೆ, ಹಲ್ಲಿಲ್ಲ, ಕಣ್ಣು ಕಾಣದು, ಯಾವ ಕೆಲಸಕ್ಕೂ ಬಾರದು. ಮರಿಯಿಂದ ಸಾಕಿದ್ದೇನೆ ಎನ್ನುತ್ತಾನೆ ಕ್ಯಾಂಡಿ. ಯಾರೂ ಅವನ ಪರ ಮಾತಾಡುವುದಿಲ್ಲ. ಹೊರಗೆ ಗುಂಡಿನ ಸದ್ದಾಗುವವರೆಗೆ ಒಳಗೆ ಎಲ್ಲರೂ ಏನೇನೋ ಮಾತು ತೆಗೆಯಲು ನೋಡಿ ಸೋಲುತ್ತಾರೆ. ಕ್ಯಾಂಡಿ ಗೋಡೆಯ ಕಡೆ ಮುಖ ಮಾಡುತ್ತಾನೆ. ಇದಾದ ಮೇಲೆಯೇ ಅವನು 350 ಡಾಲರಿನ ಮಾತೆತ್ತುವುದು. ಕಸ ಗುಡಿಸಲು ಆಗದ ದಿನ ತನ್ನನ್ನೂ ಹೊರಗೆ ಹಾಕುತ್ತಾರೆಂದು ಅವನಿಗೆ ಗೊತ್ತಿದೆ.

ಆ 250 ಡಾಲರ್ ಪರಿಹಾರದ ಮುಂದೆ ಪೆನ್ಸಿಲ್ ಹಿಡಿದು ನಿಲ್ಲಬೇಕು. ಜಾರ್ಜ್ ಪಡೆಯುವ ಕೂಲಿ ತಿಂಗಳಿಗೆ 50. ಅಂದರೆ ಒಂದು ಕೈಯ ಬೆಲೆ 5 ತಿಂಗಳ ಕೂಲಿ. ಮುಂದೆ ಲೆನ್ನಿ ಕರ್ಲಿಯ ಕೈಯನ್ನು ಹಿಂಡಿ ಪುಡಿಮಾಡಿದಾಗ, ಯಂತ್ರಕ್ಕೆ ಸಿಕ್ಕಿತೆಂದು ಹೇಳು ಎಂದು ಸ್ಲಿಮ್ ಎಂಬ ಆಳು ಕರ್ಲಿಗೆ ಹೇಳಿಕೊಡುತ್ತಾನೆ. ಎಲ್ಲರೂ ಆ ಸುಳ್ಳನ್ನು ನಂಬುತ್ತಾರೆಂದು ಅವನಿಗೆ ಖಾತ್ರಿ. ಯಂತ್ರಕ್ಕೆ ಕೈ ಸಿಗುವುದು ಆ ಹೊಲಗಳಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳದಷ್ಟು ದಿನನಿತ್ಯದ ಸಂಗತಿ.

ಬಿಳಿಯನಲ್ಲದ ಆ ಒಬ್ಬ, ಕುದುರೆ ಲಾಯದ ಕ್ರುಕ್ಸ್. ಬೆನ್ನು ಬಾಗಿದ ಕಪ್ಪು ಮನುಷ್ಯ. ಉಳಿದವರ ಜೊತೆ ಮಲಗುವಂತಿಲ್ಲ, ಇಸ್ಪೀಟು ಆಡುವಂತಿಲ್ಲ. ಲಾಯಕ್ಕೆ ತಾಗಿದ, ಕುದುರೆ ಸಾಜು ಇಡುವ ಕೋಣೆ ಅವನದು. ಅಲೆಯುವವನಲ್ಲದ್ದರಿಂದ ಬೆನ್ನ ಮೇಲೆ ಹೊರಲಾರದಷ್ಟು ಸಾಮಾನು ಅವನಿಗಿದೆ ಎನ್ನುತ್ತಾರೆ ಸ್ಟೈನ್‌ಬೆಕ್: ಅಲಾರಂ ಗಡಿಯಾರ, ಬಂದೂಕು, ಹರಿದ ನಿಘಂಟು, ಮತ್ತು ಓದಿ ಓದಿ ಜೀರ್ಣವಾದ 1905ರ ಕ್ಯಾಲಿಫೋರ್ನಿಯಾ ನಾಗರಿಕ ಸಂಹಿತೆ. ಆ ಸಂಹಿತೆ ಯಾಕೆ ಅಲ್ಲಿದೆ ಎಂದು ಕಾದಂಬರಿ ವಿವರಿಸುವುದಿಲ್ಲ. ಹೋಟೆಲು, ಕ್ಷೌರದಂಗಡಿ, ನಾಟಕಶಾಲೆಗಳಂಥ ಕಡೆ ಎಲ್ಲ ನಾಗರಿಕರಿಗೂ ಸಮಾನ ಪ್ರವೇಶ ಕೊಡುವ ಕ್ಯಾಲಿಫೋರ್ನಿಯಾದ 1897ರ ಕಾನೂನನ್ನು ಸಂಹಿತೆಗೆ ಸೇರಿಸಿದ್ದು 1905ರಲ್ಲೇ. ಹಕ್ಕುಗಳ ಪುಸ್ತಕ ಅವನ ಮಂಚದ ಪಕ್ಕದಲ್ಲಿದೆ, ಬಾಗಿಲ ಆಚೆ ಅದು ನಡೆಯುವುದಿಲ್ಲ. ತಲೆಯಲ್ಲಿ ಜಮೀನು ಹೊತ್ತು ಬಂದ ನೂರಾರು ಜನರನ್ನು ಕಂಡಿದ್ದೇನೆ, ಒಬ್ಬನಿಗೂ ಸಿಕ್ಕಿಲ್ಲ ಎನ್ನುವ ಇದೇ ಕ್ರುಕ್ಸ್, ಕ್ಯಾಂಡಿಯ ಬಾಯಿಂದ ದುಡ್ಡಿನ ವಿಷಯ ಕೇಳಿದ ಮೇಲೆ, ಊಟ ವಸತಿ ಕೊಟ್ಟರೆ ಸಾಕು ನಾನೂ ಬಂದು ಗೇಯುತ್ತೇನೆ ಎನ್ನುತ್ತಾನೆ. ಕರ್ಲಿಯ ಹೆಂಡತಿ ಬಂದು, ನಾನೊಂದು ಮಾತು ಹೇಳಿದರೆ ನಿನ್ನನ್ನು ಮರಕ್ಕೆ ನೇತುಹಾಕುತ್ತಾರೆ ಎಂದು ನೆನಪಿಸಿದೊಡನೆ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಾನೆ.

ಜಮೀನಿನ ಆಸೆಯನ್ನು ಅಮೆರಿಕನ್ ಕನಸು ಎಂದು ಬೋರ್ಡಿನ ಮೇಲೆ ಬರೆಯುವಾಗ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿ ಭೂಮಿ ಕೊಳ್ಳಕೂಡದು ಎಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತ್ತು. ಗುರಿ ಜಪಾನೀಯರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ, ಪಂಜಾಬಿನಿಂದ ಹೋಗಿ ಅಲ್ಲಿ ಬೇಸಾಯಕ್ಕಿಳಿದಿದ್ದವರೂ ಅದರ ಕೆಳಗೆ ಬಂದರು. ಜಾರ್ಜ್‌ಗೆ ಜಮೀನು ದುಬಾರಿಯಾಗಿತ್ತು. ಪಕ್ಕದ ಹೊಲದಲ್ಲಿ ದುಡಿಯುತ್ತಿದ್ದ ಏಷ್ಯಾದವನ ಕೈಯಲ್ಲಿ 600 ಡಾಲರ್ ಇದ್ದರೂ ಅವನ ಹೆಸರಿಗೆ ಆಗುತ್ತಿರಲಿಲ್ಲ. ಕಾನೂನು ಬಿದ್ದದ್ದು 1952ರಲ್ಲಿ.

ಕರ್ಲಿಯ ಹೆಂಡತಿಗೆ ಪುಸ್ತಕದುದ್ದಕ್ಕೂ ಹೆಸರಿಲ್ಲ. ಬ್ರಾಡ್‌ವೇಯಲ್ಲಿ ಆ ಪಾತ್ರ ಮಾಡಿದ ಕ್ಲೇರ್ ಲೂಸ್‌ಗೆ ಸ್ಟೈನ್‌ಬೆಕ್ ಪತ್ರ ಬರೆದು, ಅವಳು ಬಜಾರಿಯಲ್ಲ, ಯಾರೂ ಅವಳನ್ನು ಮನುಷ್ಯಳೆಂದು ಕಂಡಿಲ್ಲ ಎಂಬರ್ಥದ ವಿವರಣೆ ಕೊಟ್ಟರು. ಆ ಪತ್ರ ಪುಸ್ತಕಕ್ಕಿಂತ ಉದಾರವಾಗಿದೆ. ಪುಸ್ತಕದಲ್ಲಿ ಅವಳಿಗೆ ಸಿಗಬೇಕಾದಷ್ಟು ನ್ಯಾಯ ಸಿಕ್ಕಿಲ್ಲ ಎಂದು ಓದುವ ಹುಡುಗಿಯರು ದೂರಿದರೆ ಅವರ ದೂರು ಸರಿ.

ಅವಳ ಹೆಣ ಹುಲ್ಲಿನ ಮೇಲೆ ಬಿದ್ದಿರುವಾಗ ಕ್ಯಾಂಡಿ ಕೇಳುವ ಪ್ರಶ್ನೆಯೊಂದಿದೆ: ನಾವಿಬ್ಬರಾದರೂ ಆ ಜಾಗ ತೆಗೆದುಕೊಳ್ಳಬಹುದಲ್ಲವೇ? ಲೆಕ್ಕದ ಪ್ರಕಾರ ಆಗುತ್ತದೆ. ಕ್ಯಾಂಡಿಯ 350, ಜಾರ್ಜ್‌ನ 50, ಇನ್ನೊಂದಷ್ಟು ತಿಂಗಳ ದುಡಿಮೆ. ಆದರೂ ಜಾರ್ಜ್ ತಾನು ಈ ತಿಂಗಳು ದುಡಿದು, ಆ 50 ಹಿಡಿದು ಪೇಟೆಗೆ ಹೋಗಿ ರಾತ್ರಿಯೆಲ್ಲ ಸೂಳೆಮನೆಯಲ್ಲಿ ಬಿದ್ದಿರುವೆ ಎನ್ನುತ್ತಾನೆ. ಲೆಕ್ಕವಿಟ್ಟು ಓದುವವರು ಎಡವಿ ನಿಲ್ಲಬೇಕಾದ ಜಾಗ ಇದು. ಕೂಡಿಸಿದ ಮೊತ್ತದಲ್ಲಿ ಲೆನ್ನಿಯ 50 ಡಾಲರ್ ಮಾತ್ರ ಇದ್ದದ್ದಲ್ಲ. ಆ ಜಾಗದ ಕತೆಯನ್ನು ಮತ್ತೆ ಮತ್ತೆ ಕೇಳುವ ಕಿವಿ ಇತ್ತು. ಅದಿಲ್ಲದೆ ಜಾರ್ಜ್‌ಗೆ ಹಣ ಉಳಿಸಲು ಕಾರಣವೇ ಇಲ್ಲ.

ಲೆನ್ನಿ ಬದುಕಿದ್ದರೆ ಏನಾಗುತ್ತಿತ್ತು? ಜಾರ್ಜ್ ಮತ್ತು ಸ್ಲಿಮ್ ಅದನ್ನು ಮಾತಾಡಿಕೊಳ್ಳುತ್ತಾರೆ: ಕಟ್ಟಿಹಾಕಿ ಪಂಜರದಲ್ಲಿಡುವುದು. ಅದು ಬರೀ ಭಯವಲ್ಲ. ಬುದ್ಧಿಮಾಂದ್ಯರೆಂದು ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅವಕಾಶ ಕೊಡುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1909ರಿಂದ 1979ರವರೆಗೆ ಇತ್ತು. ಸುಮಾರು 20,000 ಜನ ಅದಕ್ಕೆ ಗುರಿಯಾದರು. ಜಾರ್ಜ್ ಮಾಡಿದ್ದು ದಯೆಯೇ ಕೊಲೆಯೇ ಎಂಬ ಚರ್ಚೆಗೆ ಕೂರುವ ವಿದ್ಯಾರ್ಥಿಗಳು ಈ ಅಂಕಿಯನ್ನು ಎದುರಿಗಿಟ್ಟುಕೊಂಡು ಕೂರಬೇಕು.

ಲೆನ್ನಿ ಪುಸ್ತಕದಿಂದಾಚೆಗೆ ನ್ಯಾಯಾಲಯದವರೆಗೂ ಹೋದ. ಬೌದ್ಧಿಕ ನ್ಯೂನತೆ ಇರುವವರಿಗೆ ಮರಣದಂಡನೆ ಕೊಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಯಾರಿಗೆ ನ್ಯೂನತೆ ಇದೆ ಎಂದು ಗುರುತಿಸುವುದು ಹೇಗೆ? 2004ರಲ್ಲಿ ಟೆಕ್ಸಸ್‌ನ ಉನ್ನತ ಕ್ರಿಮಿನಲ್ ನ್ಯಾಯಾಲಯ ತೀರ್ಪೊಂದರಲ್ಲಿ, ಸ್ಟೈನ್‌ಬೆಕ್‌ನ ಲೆನ್ನಿಯಂಥವನಿಗೆ ವಿನಾಯಿತಿ ಸಿಗಬೇಕೆಂದು ಟೆಕ್ಸಸ್‌ನ ಹೆಚ್ಚಿನ ಜನ ಒಪ್ಪಿಯಾರು ಎಂಬ ಮಾತಿನಿಂದ ಹೊರಟು 7 ಪ್ರಶ್ನೆಗಳ ಅಳತೆಗೋಲು ರೂಪಿಸಿತು. ಆ ಅಳತೆಗೋಲಿನ ಕೆಳಗೆ, ಒಂದು ಪರೀಕ್ಷೆಯಲ್ಲಿ 61 ಐಕ್ಯೂ ಬಂದಿದ್ದ ಮಾರ್ವಿನ್ ವಿಲ್ಸನ್‌ನನ್ನು 2012ರ ಆಗಸ್ಟಿನಲ್ಲಿ ವಿಷದ ಚುಚ್ಚುಮದ್ದು ಕೊಟ್ಟು ಕೊಂದರು. ತಂದೆಯ ಪಾತ್ರವನ್ನು ಹೀಗೆ ಬಳಸಿದ್ದನ್ನು ಲೇಖಕನ ಮಗ ಥಾಮಸ್ ಸ್ಟೈನ್‌ಬೆಕ್ ಬಹಿರಂಗವಾಗಿ ಖಂಡಿಸಿದರು. ಕಾದಂಬರಿಯ ಒಂದು ಪಾತ್ರಕ್ಕೆ ಹೋಲುತ್ತಾನೋ ಇಲ್ಲವೋ ಎಂದು ನೋಡಿ ಮನುಷ್ಯನ ಜೀವ ತೀರ್ಮಾನಿಸುವುದಕ್ಕಿಂತ ಕೆಟ್ಟ ಓದು ಇರಲಾರದು. ಸುಪ್ರೀಂ ಕೋರ್ಟ್ ಆ 7 ಪ್ರಶ್ನೆಗಳ ಅಳತೆಯನ್ನು ತಳ್ಳಿಹಾಕಿದ್ದು 2017ರಲ್ಲಿ, ಮೂರ್ ಮೊಕದ್ದಮೆಯಲ್ಲಿ.

ಶಾಲೆಗಳಲ್ಲಿ ಪುಸ್ತಕದ ಸ್ಥಾನ ಈಗ ಗಟ್ಟಿಯಾಗಿಲ್ಲ. ಅಮೆರಿಕದ ಗ್ರಂಥಾಲಯ ಸಂಘ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಯಲ್ಲಿ ಇದು ಮತ್ತೆ ಮತ್ತೆ ಬಂದಿದೆ. ಹಿಂದೆ ಬೈಗುಳಕ್ಕಾಗಿ, ಈಚೆಗೆ ಕಪ್ಪು ಜನರನ್ನು ಹೀಗಳೆಯುವ ಪದಕ್ಕಾಗಿ. ಇಂಗ್ಲೆಂಡಿನಲ್ಲಿ 2015ರಿಂದ ಬಂದ ಪಠ್ಯಕ್ರಮ ಆಧುನಿಕ ಕೃತಿ ಬ್ರಿಟಿಷ್ ದ್ವೀಪಗಳದ್ದೇ ಆಗಿರಬೇಕೆಂದು ಕೇಳಿದ್ದರಿಂದ ಇದು ಪರೀಕ್ಷೆಯಿಂದ ಬಿತ್ತು. ವೇಲ್ಸ್‌ನಲ್ಲಿ 2025ರ ಹೊಸ ಪಠ್ಯಕ್ರಮಕ್ಕೆ ಇದನ್ನು ಸೇರಿಸಲಿಲ್ಲ. ಆ ಪದವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗ ಕಪ್ಪು ಮಕ್ಕಳಿಗೆ ಆಗುವ ಹಿಂಸೆಯ ಮಾತು ಅಲ್ಲಿ ಎದ್ದಿತ್ತು. ತರಗತಿಯ ಒಬ್ಬನೇ ಕಪ್ಪು ಹುಡುಗನ ಕಡೆ ಇಡೀ ತರಗತಿ ತಿರುಗಿ ನೋಡುವ ಗಳಿಗೆ ಯಾವ ಸಾಹಿತ್ಯದ ನೆವಕ್ಕೂ ಸಣ್ಣದಾಗುವುದಿಲ್ಲ. ಗಟ್ಟಿಯಾಗಿ ಓದಿಸುವುದು ನಿಲ್ಲಲಿ. ಆದರೆ ಕ್ರುಕ್ಸ್‌ನ ಕೋಣೆಯ ಅಧ್ಯಾಯವನ್ನು, ಆ ಸಂಹಿತೆಯ ಸಮೇತ, ಓದಿಸದೆ ಬಿಡುವುದು ನಷ್ಟ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸ್ಯಾನ್ ಹೊಸೆ, ಫ್ರೀಮಾಂಟ್, ಸನಿವೇಲ್ ಕಡೆ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಈ ಪುಸ್ತಕ ಶಾಲೆಯ ಚೀಲದಿಂದ ಒಂದಲ್ಲ ಒಂದು ವರ್ಷ ಹೊರಬರುವ ಸಂಭವ ಇದೆ. ಸ್ಯಾನ್ ಹೊಸೆಯಿಂದ 101ನೇ ಹೆದ್ದಾರಿ ಹಿಡಿದರೆ ಸಲಿನಾಸ್ ಸುಮಾರು ಒಂದು ಗಂಟೆಯ ದಾರಿ, ಸೋಲೆಡಾಡ್ ಇನ್ನೂ ಅರ್ಧ ಗಂಟೆ ಮುಂದೆ. ಸಲಿನಾಸ್‌ನಲ್ಲಿ ಸ್ಟೈನ್‌ಬೆಕ್ ವಸ್ತುಸಂಗ್ರಹಾಲಯವಿದೆ. ಅದನ್ನು ನೋಡಿ ಹಿಂತಿರುಗುವ ಬದಲು ಹೆದ್ದಾರಿಯ ಎರಡೂ ಬದಿ ಲೆಟಿಸ್ ಹೊಲಗಳಲ್ಲಿ ಬಗ್ಗಿ ದುಡಿಯುವವರನ್ನು ಮಕ್ಕಳಿಗೆ ತೋರಿಸುವುದು ಮೇಲು. ಈಗ ಅವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. 1970ರಲ್ಲಿ ಇದೇ ಸಲಿನಾಸ್‌ನ ಜೈಲಿನಲ್ಲಿ ಅವರ ನಾಯಕ ಸೀಸರ್ ಚಾವೆಸ್‌ರನ್ನು ಇಟ್ಟಿದ್ದರು. ಹೊಲದ ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಕ್ಯಾಲಿಫೋರ್ನಿಯಾ ಕಾನೂನಿಗೆ ತಂದದ್ದು 1975ರಲ್ಲಿ. ದಿನಕ್ಕೆ 8 ಗಂಟೆ ಮೀರಿದರೆ ಅವರಿಗೂ ಹೆಚ್ಚುವರಿ ಕೂಲಿ ಎಂಬ ಕಾನೂನು ಬರಲು 2016 ಆಗಬೇಕಾಯಿತು, ಅದೂ ಹಂತಹಂತವಾಗಿ. ಕೇಂದ್ರದ ಕಾನೂನು ಮಾತ್ರ ಬೇರೆ. ಸಂಘ ಕಟ್ಟಿದ್ದಕ್ಕೆ ಕಾರ್ಮಿಕನನ್ನು ತೆಗೆದುಹಾಕಬಾರದು ಎಂದ ಅಮೆರಿಕದ 1935ರ ಕಾನೂನು ಹೊಲದಲ್ಲಿ ದುಡಿಯುವವರನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತ್ತು. ಆ ಹೊರಗಿಡುವ ಸಾಲು ಇಂದಿಗೂ ಅದರಲ್ಲಿದೆ.